ಕಾಲರ್ ಮೆಷಿನ್ ಪಕ್ಕದ ನಾಲ್ಕು ನಿಮಿಷ

ಮೂರನೇ ಸಲ ಬಂದಾಗಲೂ ಥರ್ಮಾಮೀಟರ್ ತೊಂಬತ್ತೆಂಟು ಪಾಯಿಂಟ್ ಆರನ್ನೇ ತೋರಿಸಿತು. ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದೆ. ಝಾಡಿಸಿ, ಸ್ಪಿರಿಟ್ ಹತ್ತಿಯಲ್ಲಿ ಒರೆಸಿ ಡಬ್ಬಿಗೆ ಹಾಕಿದೆ. ಎದುರಿನ ಸ್ಟೂಲಿನ ಮೇಲೆ ಕೂತಿದ್ದ ಹೆಂಗಸು ಸೆರಗಿನಿಂದ ಕತ್ತು ಒರೆಸಿಕೊಳ್ಳುತ್ತಿದ್ದರು.

"ಜ್ವರ ಇಲ್ವಲ್ಲಮ್ಮ," ಅಂದೆ.

"ಇಲ್ಲಿಗ್ ಬರೋಷ್ಟ್ರಲ್ಲಿ ಓಗ್ಬುಡ್ತು ಸಿಸ್ಟರ್. ಮೆಷಿನ್ ತಾವ ಇದ್ದಾಗ ಎದೆಯಿಂದ ಮ್ಯಾಕ್ಕೆ ಬೆಂಕಿ ಏರ್ದಂಗ್ ಆಯ್ತು. ಈಗ ನೋಡಿ, ಚಳಿ ಆಯ್ತೈತೆ."

ಇಲ್ಲಿಗೆ ಬರುವಷ್ಟರಲ್ಲಿ ಹೋಗಿಬಿಡುವ ಕಾಯಿಲೆಗಳನ್ನು ನಾನು ಬಹಳ ನೋಡಿದ್ದೆ. ಹೊಟ್ಟೆನೋವು, ತಲೆಸುತ್ತು, ಸೊಂಟದ ಹಿಡಿತ, ಎಲ್ಲವೂ ಅರ್ಧ ಗಂಟೆ ಮಂಚದ ಮೇಲೆ ಮಲಗಿದರೆ ವಾಸಿಯಾಗುತ್ತಿದ್ದವು. ಹಾಗಾಗಿ ಎಂದಿನಂತೆ ಸ್ಲಿಪ್ ತೆಗೆದು ಬರೆದೆ: "ಜ್ವರ ಇಲ್ಲ. ಕೆಲಸ ಮಾಡಬಹುದು." ಕೆಳಗೆ ಸಹಿ, ಸಮಯ. ಆಕೆ ಅದನ್ನು ಓದದೆಯೇ ಮಡಚಿ ಬ್ಲೌಸಿನೊಳಗೆ ಸಿಕ್ಕಿಸಿಕೊಂಡು ಎದ್ದು ಹೋದರು.

ಇದು ನಡೆದದ್ದು 2015ರ ಬೇಸಿಗೆಯಲ್ಲಿ. ಗೊರಗುಂಟೆಪಾಳ್ಯ ಸಿಗ್ನಲ್ ಹಿಂದಿನ ರಸ್ತೆಯಲ್ಲಿದ್ದ ಗಾರ್ಮೆಂಟ್ಸ್ ಫ್ಯಾಕ್ಟರಿಯೊಂದರಲ್ಲಿ ನಾನು ನರ್ಸ್ ಆಗಿದ್ದೆ. ಹೊರದೇಶಕ್ಕೆ ಹೋಗುವ ಗಂಡಸರ ಅಂಗಿಗಳನ್ನು ಅಲ್ಲಿ ಹೊಲಿಯುತ್ತಿದ್ದರು. ಕ್ಯಾಂಟೀನಿನ ಪಕ್ಕದ ಸಣ್ಣ ಕೋಣೆ ನನ್ನದು. ಒಂದು ಮಂಚ, ಬಿಪಿ ಮೆಷಿನ್, ಬೀರು, ಒಂದು ರಿಜಿಸ್ಟರ್. ಆ ರಿಜಿಸ್ಟರಿನಲ್ಲಿ ಹೆಸರು, ಲೈನ್ ನಂಬರ್, ಜ್ವರ, ಬಿಪಿ, ಕೊಟ್ಟ ಮಾತ್ರೆ ಎಂದು ಕಾಲಮ್‌ಗಳು. ರೋಗಿ ಏನು ಹೇಳಿದರು ಎಂಬುದಕ್ಕೆ ಕಾಲಮ್ ಇರಲಿಲ್ಲ. ಅದೊಂದು ಕೊರತೆ ಎಂದು ನನಗೆ ಯಾವತ್ತೂ ಅನ್ನಿಸಿರಲೂ ಇಲ್ಲ.

ಸ್ಲಿಪ್ ತೆಗೆದುಕೊಂಡು ಹೋದವರು ಹೆಸರಘಟ್ಟದ ಕಡೆಯ ಹಳ್ಳಿಯವರು, ಫ್ಯಾಕ್ಟರಿ ವ್ಯಾನಿನಲ್ಲಿ ಬರುತ್ತಿದ್ದರು. ವಯಸ್ಸು ನಲವತ್ತೆಂಟು. ಅವರನ್ನು ಎಲ್ಲರೂ ಕಾಲರ್ ಅಕ್ಕ ಎಂದೇ ಕರೆಯುತ್ತಿದ್ದರು. ಅಂಗಿಯಲ್ಲಿ ಅತಿ ಕಷ್ಟದ ಭಾಗ ಕಾಲರ್. ಬಟ್ಟೆಯ ಒಳಗೆ ಗಟ್ಟಿ ಪದರವಿಟ್ಟು ಶಾಖದಲ್ಲಿ ಅಂಟಿಸಬೇಕು, ಹೊಲಿದು ತಿರುಗಿಸಿ, ತುದಿಯ ಎರಡು ಚೂಪು ಮೂತಿಗಳನ್ನೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹೊರಗೆ ಎಳೆಯಬೇಕು. ಅಕ್ಕ ಹೊಲಿದ ಕಾಲರನ್ನು ಮಡಚಿದರೆ ಒಂದು ಮೂತಿ ಇನ್ನೊಂದರ ಮೇಲೆ ಸರಿಯಾಗಿ ಕೂರುತ್ತಿತ್ತು. ಹೊಸಬರಿಗೆ ತೋರಿಸಲು ಅವರು ಹೊಲಿದ ಒಂದು ಕಾಲರನ್ನೇ ಗೋಡೆಗೆ ಅಂಟಿಸಿದ್ದರು.

ಮರುದಿನ ಮಧ್ಯಾಹ್ನ ಪ್ರಥಮ ಚಿಕಿತ್ಸೆಯ ಡಬ್ಬಿಗಳನ್ನು ತುಂಬಲು ಹೊಲಿಗೆ ನಡೆಯುವ ಫ್ಲೋರಿಗೆ ಹೋದೆ. ನಮ್ಮಲ್ಲಿ ತಲೆಗೆ ಕಟ್ಟುವ ಸ್ಕಾರ್ಫಿನ ಬಣ್ಣ ನೋಡಿದರೇ ಯಾರು ಏನು ಎಂದು ತಿಳಿಯುತ್ತದೆ. ಟೈಲರ್‌ಗಳಿಗೆ ನೀಲಿ, ದಾರ ಕತ್ತರಿಸುವ, ಬಟನ್ ಎಣಿಸುವ ಹೆಲ್ಪರ್‌ಗಳಿಗೆ ಹಳದಿ. ಸಾಲಾಗಿ ಜೋಡಿಸಿದ ಮೆಷಿನ್‌ಗಳ ಲೈನಿನ ಕೊನೆಯ ಟೇಬಲ್ಲಿನಲ್ಲಿ ಹದಿನೆಂಟು, ಇಪ್ಪತ್ತರ ಹುಡುಗಿಯರ ನಡುವೆ ಕಾಲರ್ ಅಕ್ಕ ಹಳದಿ ಸ್ಕಾರ್ಫ್ ಕಟ್ಟಿಕೊಂಡು ನಿಂತು ದಾರ ಕತ್ತರಿಸುತ್ತಿದ್ದರು. ನನ್ನನ್ನು ನೋಡಿ ತಲೆ ಇನ್ನಷ್ಟು ತಗ್ಗಿಸಿದರು.

ಸೂಪರ್‌ವೈಸರನ್ನು ಕರೆದು ಕೇಳಿದೆ. ಅವನು ಯಶವಂತಪುರದ ಹುಡುಗ, ಮೂವತ್ತೈದರ ಆಸುಪಾಸು. ಬಾಯಿ ಜೋರು, ಮನಸ್ಸು ಕೆಟ್ಟದಲ್ಲ.

"ಏನಪ್ಪಾ, ಅಕ್ಕನ್ನ ಯಾಕೆ ಅಲ್ಲಿ ನಿಲ್ಸಿದೀಯ?"

"ನಾನಲ್ಲ ಸಿಸ್ಟರ್, ನೀವೇ ನಿಲ್ಸಿರೋದು."

"ನಾನಾ?"

"ಮತ್ತೆ? ದಿನಾ ನಾಲ್ಕೈದು ಸಲ ಸೀಟ್ ಬಿಟ್ಟು ಎದ್ದು ಹೋಗ್ತಾರೆ. ಕಾಲರ್ ಬರ್ಲಿಲ್ಲ ಅಂದ್ರೆ ಇಡೀ ಲೈನ್ ನಿಲ್ಲುತ್ತೆ. ವೈಟ್ ಶರ್ಟ್ ಮೇಲೆ ಬೆವ್ರಿನ ಕಲೆ ಬೇರೆ. ಮೈ ಸರಿ ಇಲ್ವೇನೋ ಅಂತ ನಿಮ್ ಹತ್ರ ಕಳ್ಸಿದ್ರೆ, ನೀವು ಮೂರ್ ಸಲಾನೂ ಜ್ವರ ಇಲ್ಲ ಅಂತ ಬರ್ಕೊಟ್ರಿ. ಮೂರ್ ಸ್ಲಿಪ್ ಹಿಂಗೆ ಬಂದ್ರೆ ನೆಪ ಹೇಳ್ತಿದಾರೆ ಅಂತ್ಲೇ ಲೆಕ್ಕ ಅಲ್ವಾ? ಮ್ಯಾನೇಜರ್ ಚೇಂಜ್ ಮಾಡಿ ಅಂದ್ರು. ತಿಂಗ್ಳು ಮುಗಿಯೋವರೆಗೂ ನೋಡಿ, ಆಮೇಲೆ ಪರ್ಮನೆಂಟಾಗಿ ಹೆಲ್ಪರ್ ಗ್ರೇಡ್‌ಗೇ ಹಾಕ್ತಾರೆ."

ನನಗೆ ಮುಖಕ್ಕೆ ಹೊಡೆದ ಹಾಗಾಯಿತು. ನನ್ನ ಪಾಲಿಗೆ ಆ ಸ್ಲಿಪ್ ಒಂದು ಚೂರು ಕಾಗದ. ಆಕೆಗೆ ಅದು ಹದಿನೇಳು ವರ್ಷ ಕೂತ ಕುರ್ಚಿ. ನನ್ನ ಕೈಬರಹವೇ ಆ ಕುರ್ಚಿಯನ್ನು ಎಳೆದು ಹಾಕಿತ್ತು.

ಊಟದ ಬಿಡುವಿನಲ್ಲಿ ಅಕ್ಕನನ್ನು ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದೆ. ಈ ಸಲ ಥರ್ಮಾಮೀಟರ್ ತೆಗೆಯಲಿಲ್ಲ. ಮುಟ್ಟು ಯಾವಾಗ ಆಗಿದ್ದು ಎಂದು ಕೇಳಿದೆ. ಆಕೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

"ಓದ್ ದಸರಾದಾಗ ಆಗಿದ್ದೇ ಕೊನೆ ಸಿಸ್ಟರ್. ಅವಾಗಿಂದ್ಲೇ ಈ ಉರಿ. ದಿನಕ್ಕೆ ಏಳೆಂಟ್ ಸಲ. ರಾತ್ರೀನೂ ಬಿಡಾಕಿಲ್ಲ, ದಿಂಬೆಲ್ಲ ಒದ್ದೆ."

"ಇದನ್ನ ನನಗೆ ಮೊದಲೇ ಹೇಳ್ಬಾರ್ದಿತ್ತಾ?"

"ನೀವೆಲ್ ಕೇಳಿದ್ರಿ? ಬಾಯಿಗ್ ಕಡ್ಡಿ ಇಟ್ಬುಟ್ರಲ್ಲ."

ಮುಟ್ಟು ನಿಲ್ಲುವ ಕಾಲದಲ್ಲಿ ಹೆಂಗಸರಿಗೆ ಇದ್ದಕ್ಕಿದ್ದ ಹಾಗೆ ಮೈ ಕಾದು ಬೆವರುತ್ತದೆ ಎಂಬುದು ನರ್ಸಿಂಗ್ ಓದಿದ ನನಗೆ ಗೊತ್ತಿಲ್ಲದ ವಿಷಯವಲ್ಲ. ಗೊತ್ತಿದ್ದೂ ನಂಬಿರಲಿಲ್ಲ, ಅಷ್ಟೇ. ನನ್ನ ಮುಟ್ಟು ನಿಂತು ನಾಲ್ಕು ವರ್ಷವಾಗಿತ್ತು. ಹೇಳದೆ ಕೇಳದೆ ಮನೆ ಖಾಲಿ ಮಾಡಿದ ಬಾಡಿಗೆದಾರನ ಹಾಗೆ ಅದು ಸದ್ದಿಲ್ಲದೆ ಹೋಗಿತ್ತು. ಒಂದು ದಿನವೂ ಸೆಕೆಯಾಗಲಿಲ್ಲ, ಒಂದು ದಿನವೂ ನಿದ್ದೆ ಕೆಡಲಿಲ್ಲ. ನನಗಾಗದ್ದು ಬೇರೆಯವರಿಗೂ ಅಷ್ಟೇನೂ ಆಗುವುದಿಲ್ಲ ಎಂಬ ಕೊಬ್ಬು ನನ್ನೊಳಗೆ ಕೂತಿತ್ತು. ಬರೆಯಲು ನಾಚಿಕೆಯಾಗುತ್ತದೆ, ಆದರೆ ಅದೇ ನಿಜ.

ಆಕೆ ಹೊರಡುವಾಗ ತಿರುಗಿ ಕೇಳಿದರು: "ನಮ್ಮೂರಲ್ಲಿ ಒಬ್ರು ಏಳುದ್ರು, ಗರ್ಭಕೋಶದ ಉಷ್ಣ ಅಂತೆ, ಅದ್ನ ತೆಗಿಸ್ಬುಟ್ರೆ ಸರಿ ಓಯ್ತದಂತೆ. ರಜ ಆಕಿ ತೆಗಿಸ್ಕಂಡ್ ಬರ್ಲಾ? ಆಮೇಲೆ ನನ್ ಮೆಷಿನ್ ಕೊಡ್ತಾರಾ?"

"ಏನೂ ತೆಗಿಸ್ಬೇಡಿ! ಅದಕ್ಕೂ ಈ ಉರಿಗೂ ಸಂಬಂಧ ಇಲ್ಲ. ಅದರ ಜೊತೆ ಅಂಡಾಶಯಾನೂ ತೆಗೆದುಬಿಟ್ರೆ ಉರಿ ಇನ್ನೂ ಜಾಸ್ತಿ ಆಗುತ್ತೆ. ಡಾಕ್ಟರ್ ಬರೋವರೆಗೂ ಸುಮ್ನಿರಿ," ಎಂದು ಹೆಚ್ಚುಕಡಿಮೆ ಗದರಿದೆ. "ಮೆಷಿನ್ ವಿಷಯ ನನಗೆ ಬಿಡಿ."

ಅಂದುಬಿಟ್ಟೆ. ಹೇಗೆ ಎಂಬುದು ಮಾತ್ರ ಗೊತ್ತಿರಲಿಲ್ಲ. ತಿಂಗಳು ಮುಗಿಯಲು ಮೂರು ವಾರವೂ ಪೂರ್ತಿ ಉಳಿದಿರಲಿಲ್ಲ.

ಫ್ಯಾಕ್ಟರಿಗೆ ವಾರಕ್ಕೊಮ್ಮೆ ಬರುತ್ತಿದ್ದ ಲೇಡಿ ಡಾಕ್ಟರ್ ಅಕ್ಕನನ್ನು ಸಮಾಧಾನವಾಗಿ ನೋಡಿದರು. ಥೈರಾಯ್ಡ್, ಸಕ್ಕರೆ, ರಕ್ತ ಎಲ್ಲ ಪರೀಕ್ಷೆ ಬರೆದುಕೊಟ್ಟರು. ಬೆವರುವುದೆಲ್ಲ ಮುಟ್ಟು ನಿಲ್ಲುವುದರಿಂದಲೇ ಎಂದು ಕಣ್ಣುಮುಚ್ಚಿ ಹೇಳಬಾರದು, ಕೆಮ್ಮು ಇದೆಯೇ, ತೂಕ ಇಳಿದಿದೆಯೇ ನೋಡಬೇಕು ಎಂದು ನನಗೂ ಒಂದು ಪಾಠ ಹೇಳಿದರು. ಪರೀಕ್ಷೆಗಳಲ್ಲಿ ಬೇರೇನೂ ಸಿಗಲಿಲ್ಲ. ಆಮೇಲೆ ಅಕ್ಕನಿಗೆ ಅರ್ಥವಾಗುವ ಹಾಗೆ ವಿವರಿಸಿದರು. ಮೈಯ ಶಾಖವನ್ನು ಹದದಲ್ಲಿಡುವ ಜಾಗ ಮಿದುಳಿನಲ್ಲಿದೆ. ಮುಟ್ಟಿನ ಹಾರ್ಮೋನ್ ಇಳಿದಾಗ ಆ ಜಾಗ ಚೂರು ಬಿಸಿಗೂ ಗಾಬರಿಯಾಗುತ್ತದೆ. ಗಾಬರಿಯಾಗಿ ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ, ಬೆವರು ಸುರಿಸಿ ಮೈಯನ್ನು ತಣ್ಣಗೆ ಮಾಡಿಬಿಡುತ್ತದೆ. ಅದಕ್ಕೇ ಮೊದಲು ಉರಿ, ಕೊನೆಗೆ ಚಳಿ. ಅದಕ್ಕೇ ಬಾಯಲ್ಲಿಟ್ಟ ಥರ್ಮಾಮೀಟರಿಗೆ ಏನೂ ಸಿಗುವುದಿಲ್ಲ.

ಹಾರ್ಮೋನ್ ಮಾತ್ರೆ ಇದಕ್ಕೆ ಒಳ್ಳೆಯ ಔಷಧಿ. ಆದರೆ ಅಕ್ಕನಿಗೆ ಎರಡನೇ ಹೆರಿಗೆಯಾದಾಗ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಆಸ್ಪತ್ರೆ ಸೇರಿದ್ದರಂತೆ. ಡಾಕ್ಟರ್ ತಲೆಯಾಡಿಸಿದರು. "ಇವರಿಗೆ ಅದನ್ನ ಕೊಡೋಹಾಗಿಲ್ಲ ಸಿಸ್ಟರ್. ಬೇರೆ ಮಾತ್ರೆಗಳಿವೆ, ಬೇಕಾದ್ರೆ ಮುಂದೆ ನೋಡೋಣ. ಮೊದಲು ಯಾವಾಗ ಬರುತ್ತೆ, ಎಷ್ಟ್ ಹೊತ್ತು ಇರುತ್ತೆ ಬರೆದಿಡಿ. ಕೂರೋ ಜಾಗ, ಬಟ್ಟೆ, ಕುಡಿಯೋದು ಏನಾದ್ರೂ ಬದಲಾಯಿಸೋಕಾಗುತ್ತಾ ನೋಡಿ. ಮುಟ್ಟು ಪೂರ್ತಿ ನಿಂತು ವರ್ಷ ಆದ್ಮೇಲೆ ರಕ್ತ ಕಾಣಿಸಿಕೊಂಡ್ರೆ ಮಾತ್ರ ತಕ್ಷಣ ನನಗೆ ಹೇಳ್ಬೇಕು."

ನಾನು ಹುಮ್ಮಸ್ಸಿನಲ್ಲಿ ಮೊದಲು ಕತ್ತರಿ ಹಾಕಿದ್ದು ಟೀಗೆ. ಪುಸ್ತಕದಲ್ಲಿ ಬಿಸಿ ಪಾನೀಯ, ಖಾರ ಕಡಿಮೆ ಮಾಡಬೇಕು ಎಂದು ಓದಿದ ನೆನಪು. ಹತ್ತೂವರೆಯ ಟೀ, ಮೂರೂವರೆಯ ಟೀ ಎರಡನ್ನೂ ಬಿಡಿಸಿದೆ. ಮೂರು ದಿನ ಕಳೆಯಿತು. ಉರಿ ಒಂದು ಚೂರೂ ಕಡಿಮೆಯಾಗಲಿಲ್ಲ, ಮೇಲೊಂದು ತಲೆನೋವು ಬಂತು. ನಾಲ್ಕನೇ ದಿನ ಅಕ್ಕ ನನ್ನ ಕೋಣೆಗೆ ಬಂದು ಸೊಂಟಕ್ಕೆ ಕೈಯಿಟ್ಟು ನಿಂತರು.

"ಮೆಷಿನ್ನೂ ಓಯ್ತು, ಟೀನೂ ಓಯ್ತು. ಇನ್ನೇನ್ ಕಿತ್ಕತೀರಿ ಸಿಸ್ಟರ್ ನನ್ ತಾವ?"

ನನಗೆ ನಗು ತಡೆಯಲಾಗಲಿಲ್ಲ. ಆಕೆಯೂ ನಕ್ಕರು. ಆ ಹೊತ್ತಿನಿಂದ ನಾವಿಬ್ಬರೂ ಒಂದೇ ಕಡೆಯವರಾದೆವು. ಟೀ ವಾಪಸ್ ಬಂತು, ಸ್ವಲ್ಪ ಆರಿಸಿ ಕುಡಿಯಬೇಕು ಎಂಬ ಒಂದೇ ಷರತ್ತಿನ ಮೇಲೆ.

ನಾನು ಮಾಡಬೇಕಾಗಿದ್ದ ಕೆಲಸ ಊಹಿಸುವುದಲ್ಲ, ನೋಡುವುದು. ಪ್ರತಿ ಲೈನಿನ ತಲೆಯಲ್ಲಿ ಒಂದು ಬೋರ್ಡ್ ನೇತು ಹಾಕಿರುತ್ತಾರೆ. ಗಂಟೆಗೆ ಎಷ್ಟು ಪೀಸ್ ಆಗಬೇಕಿತ್ತು, ಎಷ್ಟಾಯಿತು ಎಂದು ಅದರಲ್ಲಿ ಗಂಟೆಗಂಟೆಗೂ ಬರೆಯುತ್ತಾರೆ. ಅದೇ ರೀತಿ ಒಂದು ಹಾಳೆಗೆ ಗೆರೆ ಹಾಕಿದೆ. ಉರಿ ಬಂದ ಸಮಯ, ಹೋದ ಸಮಯ, ಆಗ ಏನು ಮಾಡುತ್ತಿದ್ದರು, ಎಷ್ಟು ಹೊತ್ತು ಜಾಗದಲ್ಲಿರಲಿಲ್ಲ. ಬಿಡುವಾದಾಗಲೆಲ್ಲ ಹೆಲ್ಪರ್ ಟೇಬಲ್ಲಿನ ಪಕ್ಕ ಸ್ಟೂಲ್ ಹಾಕಿಕೊಂಡು ಕೂತು ನನ್ನ ಕೈಗಡಿಯಾರ ನೋಡಿ ಬರೆದೆ. ನಾನಿಲ್ಲದಾಗ ಅಕ್ಕ ತಾವೇ ಗೀಟು ಹಾಕುತ್ತಿದ್ದರು.

ನಾಲ್ಕು ದಿನದ ಹಾಳೆಗಳನ್ನು ಹರಡಿಕೊಂಡಾಗ ವಿಷಯ ಕಣ್ಣಿಗೆ ರಾಚಿತು. ಉರಿ ಇರುತ್ತಿದ್ದದ್ದು ಹೆಚ್ಚೆಂದರೆ ನಾಲ್ಕು ನಿಮಿಷ. ಜಾಗ ಖಾಲಿಯಿರುತ್ತಿದ್ದದ್ದು ಹನ್ನೆರಡು, ಹದಿನೈದು ನಿಮಿಷ. ಯಾಕೆಂದರೆ ಮುಖ ತೊಳೆಯಲು ಹೋಗಬೇಕಾದರೆ ಟೋಕನ್ ಬೇಕು. ಲೈನಿಗೆಲ್ಲ ಒಂದೇ ಮರದ ಟೋಕನ್. ಅದನ್ನು ಕೇಳಬೇಕು, ಕಾಯಬೇಕು, ಫ್ಲೋರಿನ ಆ ತುದಿಯವರೆಗೆ ನಡೆಯಬೇಕು. ನಲ್ಲಿಯ ಹತ್ತಿರ ತಲುಪುವಷ್ಟರಲ್ಲಿ ಉರಿ ಹೋಗಿ ಚಳಿ ಶುರುವಾಗಿರುತ್ತಿತ್ತು. ಟೋಕನ್ ಕೇಳುವ ಮುಜುಗರಕ್ಕೆ ಬೆಳಗಿನಿಂದ ಸಂಜೆಯವರೆಗೆ ಆಕೆ ಕುಡಿಯುತ್ತಿದ್ದ ನೀರು ಎರಡು ಲೋಟ ಮಾತ್ರ. ಅಷ್ಟೊಂದು ಬೆವರು ಸುರಿಸುವ ಮೈಗೆ ಎರಡು ಲೋಟ!

ಇನ್ನೊಂದು ಸಂಗತಿಯೂ ಸಿಕ್ಕಿತು. ಉರಿ ಹೇಳದೆ ಬರುತ್ತಿರಲಿಲ್ಲ. "ಮೊದ್ಲು ಕಿವಿ ಬಿಸಿ ಆಯ್ತದೆ ಸಿಸ್ಟರ್. ಎದೆ ಡವಡವ ಅಂತದೆ. ಆಮೇಲೆ ನೋಡಿ ಬೆಂಕಿ." ಕಿವಿ ಬಿಸಿಯಾದಾಗಿನಿಂದ ಬೆವರು ಒಡೆಯುವವರೆಗೆ ಅರ್ಧ ನಿಮಿಷ ಸಿಗುತ್ತಿತ್ತು. ಕಾಲರ್ ಮೆಷಿನ್ನಿನಲ್ಲಿದ್ದಾಗ ಆ ಅರ್ಧ ನಿಮಿಷದಲ್ಲಿ ಏನು ಮಾಡುತ್ತಿದ್ದಿರಿ ಎಂದು ಕೇಳಿದೆ.

"ಬೆವರೋದ್ರೊಳಗೆ ಇನ್ನೊಂದೆರಡು ಒಲ್ದುಬುಡಣ ಅಂತ ಜೋರಾಗ್ ತುಳೀತಿದ್ದೆ."

ಕಲೆ ಬೀಳುತ್ತಿದ್ದದ್ದು ಆ ಎರಡು ಕಾಲರ್‌ಗಳ ಮೇಲೆಯೇ. ಒಳ್ಳೆಯ ಕೆಲಸಗಾರ್ತಿ ಮಾತ್ರ ಮಾಡಬಹುದಾದ ತಪ್ಪು ಅದು. ಸೋಮಾರಿಯಾಗಿದ್ದರೆ ಮೊದಲೇ ಕೈಯೆತ್ತುತ್ತಿದ್ದರು, ಬಟ್ಟೆಯೂ ಉಳಿಯುತ್ತಿತ್ತು.

ಹಾಳೆಗಳನ್ನು ಮಡಚಿಕೊಂಡು ಪ್ರೊಡಕ್ಷನ್ ಮ್ಯಾನೇಜರ್ ಕೋಣೆಗೆ ಹೋಗುವ ಮುಂಚೆ ಒಂದು ದಿನ ಯೋಚಿಸಿದೆ. ಅಕ್ಕನಿಗೆ ಹುಷಾರಿಲ್ಲ, ಕರುಣೆ ತೋರಿಸಿ ಎಂದು ಕೇಳಬಹುದಿತ್ತು. ಕರುಣೆಯಿಂದ ಸಿಕ್ಕಿದ್ದು ಮುಂದಿನ ಶಿಪ್‌ಮೆಂಟಿನ ಗಡಿಬಿಡಿಯಲ್ಲಿ ಕರಗಿ ಹೋಗುತ್ತದೆ. ಅದೂ ಅಲ್ಲದೆ, ಆ ಮೂರು ಸ್ಲಿಪ್‌ಗಳು ಫೈಲಿನಲ್ಲಿ ಇರುವವರೆಗೂ ನಾನು ಏನು ಹೇಳಿದರೂ ಅದಕ್ಕೆ ಬೆಲೆಯಿಲ್ಲ. ಜಕ್ಕೂರಿನ ಮನೆಯಿಂದ ಹೆಬ್ಬಾಳದ ಮೇಲೆ ಬರುವ ಬಸ್ಸಿನಲ್ಲಿ ಕೂತು ತೀರ್ಮಾನ ಮಾಡಿಬಿಟ್ಟೆ. ಬೆಳಿಗ್ಗೆ ರಿಜಿಸ್ಟರ್ ತೆಗೆದು ಹೊಸ ಸಾಲಿನಲ್ಲಿ ಬರೆದೆ: "ಈ ಕೆಲಸಗಾರ್ತಿಯ ಬಗ್ಗೆ ನಾನು ಹಿಂದೆ ಬರೆದ ಮೂರು ದಾಖಲೆಗಳು ಅಪೂರ್ಣ. ಜ್ವರ ಮಾತ್ರ ನೋಡಿದ್ದೆ, ಕಾಯಿಲೆ ಕೇಳಿರಲಿಲ್ಲ. ತಪ್ಪು ನನ್ನದು." ಸಹಿ, ಸಮಯ.

ಮ್ಯಾನೇಜರ್ ಅದನ್ನು ಓದಿ ಕನ್ನಡಕ ತೆಗೆದರು. "ಏನ್ ಸಿಸ್ಟರ್ ಇದು? ಆಡಿಟ್‌ನವರು ನೋಡಿದ್ರೆ ನಿಮಗೇ ತೊಂದ್ರೆ."

"ಆಗ್ಲಿ ಸರ್. ಬರೆದಿದ್ದು ಸರಿ ಇದೆ."

ಹಾಳೆಗಳನ್ನು ಮುಂದಿಟ್ಟೆ. ಕಾಯಿಲೆಯ ಹೆಸರು ಹೇಳಲಿಲ್ಲ, ಅವರ ಭಾಷೆಯಲ್ಲೇ ಹೇಳಿದೆ. ಪ್ರತಿ ಸಲ ನಷ್ಟವಾಗುತ್ತಿರುವುದು ಹದಿನೈದು ನಿಮಿಷ. ಅದರಲ್ಲಿ ಮೈಗೆ ಬೇಕಾದದ್ದು ನಾಲ್ಕು, ಉಳಿದದ್ದನ್ನು ತಿನ್ನುತ್ತಿರುವುದು ಟೋಕನ್. ಮೆಷಿನ್ ಬಿಟ್ಟು ಏಳದೆಯೇ ಆ ನಾಲ್ಕು ನಿಮಿಷ ಕಳೆಯಲು ಬಿಡಿ. ಬೆಳಗಿನ ಮೊದಲ ಗಂಟೆ ಆಕೆಗೆ ಉರಿ ಬರುವುದಿಲ್ಲ, ಆಗ ಹತ್ತು ಕಾಲರ್ ಮುಂಗಡ ಹೊಲಿದಿಟ್ಟರೆ ಲೈನ್ ನಿಲ್ಲುವುದಿಲ್ಲ.

ಅವರು ಹಾಳೆಗಳನ್ನು ಒಂದೊಂದಾಗಿ ತಿರುವಿದರು. "ಹತ್ತು ದಿನ ಕೊಡ್ತೀನಿ. ಲೈನ್ ಒಂದ್ಸಲಾನೂ ಕಾಲರ್‌ಗೋಸ್ಕರ ನಿಲ್ಬಾರ್ದು. ಕಲೆ ಒಂದೂ ಬೀಳ್ಬಾರ್ದು. ಅಲ್ಲೀವರೆಗೂ ಸ್ಕಾರ್ಫ್ ಹಳದೀನೇ."

ಮೊದಲ ದಿನವೇ ಮಾನ ಹೋಯಿತು. ಅಕ್ಕನ ಮೆಷಿನ್ ಇದ್ದದ್ದು ಪದರ ಅಂಟಿಸುವ ಬಿಸಿ ಯಂತ್ರದ ಪಕ್ಕ. ಅದನ್ನು ಅಲ್ಲಿಂದ ಎರಡು ಮೆಷಿನ್ ಆಚೆ ಸರಿಸಲು ಸೂಪರ್‌ವೈಸರ್ ಗೊಣಗುತ್ತಲೇ ಒಪ್ಪಿದ. ಅಷ್ಟಕ್ಕೆ ಸುಮ್ಮನಿರದೆ ನಾನು ನನ್ನ ಕೋಣೆಯ ಟೇಬಲ್ ಫ್ಯಾನ್ ತಂದು ಆಕೆಯ ಪಕ್ಕ ಇಟ್ಟು ಜಂಭದಿಂದ ಸ್ವಿಚ್ ಹಾಕಿದೆ. ಮರುಕ್ಷಣ ಕಾಲರಿನ ಒಳಪದರದ ತುಂಡುಗಳೆಲ್ಲ ಹಾರಿ ಇಡೀ ಲೈನಿನ ಮೇಲೆ ಮದುವೆ ಮನೆಯ ಅಕ್ಷತೆಯಂತೆ ಬಿದ್ದವು. ಗಾರ್ಮೆಂಟ್ಸ್‌ನಲ್ಲಿ ಮೆಷಿನ್ ಹತ್ತಿರ ಯಾರೂ ಫ್ಯಾನ್ ಯಾಕೆ ಇಡುವುದಿಲ್ಲ ಎಂಬುದು ಆರು ವರ್ಷದಿಂದ ಅಲ್ಲೇ ಇದ್ದ ನನಗೆ ಅವತ್ತು ತಿಳಿಯಿತು.

"ಸಿಸ್ಟರ್, ನೀವು ನಿಮ್ ಇಂಜೆಕ್ಷನ್ ನೋಡ್ಕೊಳ್ಳಿ ಕಣ್ರೀ!" ಎಂದು ಸೂಪರ್‌ವೈಸರ್ ಕೂಗಿದ. ಹುಡುಗಿಯರು ಬಗ್ಗಿ ತುಂಡುಗಳನ್ನು ಆಯುತ್ತಾ ಮುಸಿಮುಸಿ ನಗುತ್ತಿದ್ದರು.

ಮರುದಿನ ಮನೆಯಿಂದ ಬಟ್ಟೆ ಒಣಹಾಕುವ ಕ್ಲಿಪ್‌ಗಳನ್ನೆಲ್ಲ ಕಿತ್ತುಕೊಂಡು ಬಂದೆ. ತುಂಡುಗಳ ಪ್ರತಿ ಬಂಡಲ್ಲಿಗೂ ಒಂದು ಕ್ಲಿಪ್. ಫ್ಯಾನನ್ನು ನೆಲದ ಮೇಲೆ, ಆಕೆಯ ಬೆನ್ನ ಹಿಂದೆ, ಕತ್ತಿನ ಕಡೆಗೆ ಮುಖ ಮಾಡಿ ಇಟ್ಟೆವು. ಅಂಟಿಕೊಳ್ಳುವ ಪಾಲಿಯೆಸ್ಟರ್ ಏಪ್ರನ್ ಬದಲು ಹತ್ತಿಯದು. ಮೇಜಿನ ಕೆಳಗೆ ಬಿಗಿ ಮುಚ್ಚಳದ ನೀರಿನ ಬಾಟಲ್. ಹೆಲ್ಪರ್‌ಗಳಿಗೆ ಕೊಡುವ ಎರಡು ಹಳದಿ ಸ್ಕಾರ್ಫ್‌ಗಳಲ್ಲಿ ಒಂದು ಅಕ್ಕನ ತಲೆಯ ಮೇಲಿತ್ತು, ಇನ್ನೊಂದನ್ನು ನೆನೆಸಿ ಹಿಂಡಿ ಡಬ್ಬಿಯಲ್ಲಿಟ್ಟೆವು. ಟೈಲರ್‌ಗಳ ನೀಲಿ ಸ್ಕಾರ್ಫ್ ಜಾರುವ ಬಟ್ಟೆಯದು, ನೀರು ಹಿಡಿಯುವುದಿಲ್ಲ. ಹಳದಿಯದು ಅಗ್ಗದ ತೆಳು ಹತ್ತಿ.

ಕ್ರಮವನ್ನು ಇಬ್ಬರೂ ಸೇರಿ ಅಭ್ಯಾಸ ಮಾಡಿದೆವು. ಕಿವಿ ಬಿಸಿಯಾದ ಕೂಡಲೇ ಪೆಡಲಿನಿಂದ ಕಾಲು ತೆಗೆಯಬೇಕು. ಬಟ್ಟೆಯಿಂದ ಕೈ ತೆಗೆಯಬೇಕು. ಒದ್ದೆ ಬಟ್ಟೆ ಕತ್ತಿಗೆ. ನಿಧಾನವಾಗಿ, ಹೊಟ್ಟೆಯವರೆಗೆ ಉಸಿರು ಎಳೆದು, ಅದಕ್ಕಿಂತ ನಿಧಾನವಾಗಿ ಬಿಡಬೇಕು. ಇನ್ನೊಂದು ಕಾಲರ್ ಎಂದು ಯೋಚಿಸಕೂಡದು. ಮುಗಿದ ಮೇಲೆ ಕೈ ಒರೆಸಿಕೊಂಡು ನೀರು ಕುಡಿದು ಶುರು ಮಾಡುವುದು. ಆಕೆಗೆ ಕಷ್ಟವಾದದ್ದು ಕಾಲು ತೆಗೆಯುವುದೊಂದೇ. ಹದಿನೇಳು ವರ್ಷ ತುಳಿದ ಕಾಲು ಮಾತು ಕೇಳುತ್ತಿರಲಿಲ್ಲ. ಎರಡನೇ ದಿನ, ಮೂರನೇ ದಿನ ನಾನು ದೂರದಿಂದ ಕೈ ಮೇಲೆತ್ತಿ ತೋರಿಸುತ್ತಿದ್ದೆ. ನಾಲ್ಕನೇ ದಿನ ನೋಡಿದರೆ ಸೂಪರ್‌ವೈಸರೇ ಅಕ್ಕನ ಮೆಷಿನ್ ಸದ್ದು ನಿಂತ ಕೂಡಲೇ ಮುಂಗಡದ ಕಾಲರ್‌ಗಳನ್ನು ಎತ್ತಿ ಮುಂದಿನ ಮೆಷಿನ್ನಿಗೆ ಹಾಕುತ್ತಿದ್ದ. ಗಂಟೆಗೊಮ್ಮೆ ಆಕೆಯ ಕಿವಿಯ ಹತ್ತಿರ ಟಾರ್ಗೆಟ್ ಕೂಗುವುದನ್ನೂ ಬಿಟ್ಟಿದ್ದ. ಉರಿ ಬರುವುದು ನಿಲ್ಲಲಿಲ್ಲ. ಆದರೆ ಆ ದಿನಗಳಲ್ಲಿ ಲೈನ್ ಒಮ್ಮೆಯೂ ನಿಲ್ಲಲಿಲ್ಲ.

ಆರನೇ ದಿನ ಅಂಗಿ ಕೊಳ್ಳುವ ಕಂಪನಿಯ ತಪಾಸಣೆಯವರು ಬಂದರು. ನಾಲ್ಕೈದು ಜನ ಅಕ್ಕನ ಹಿಂದೆಯೇ ನಿಂತು ಬಿಳಿ ಕಾಲರ್‌ಗಳನ್ನು ನೋಡುತ್ತಿದ್ದರಂತೆ. ನಾನು ಆಗ ಬೆರಳಿಗೆ ಸೂಜಿ ಚುಚ್ಚಿಕೊಂಡ ಹುಡುಗಿಯೊಬ್ಬಳಿಗೆ ಪಟ್ಟಿ ಕಟ್ಟುತ್ತಿದ್ದೆ. ಅವರು ಹೋದ ಮೇಲೆ ಅಕ್ಕ ಒಂದು ಕಾಲರ್ ಹಿಡಿದುಕೊಂಡು ನನ್ನ ಬಾಗಿಲಲ್ಲಿ ನಿಂತರು. ಎಡ ಮೂತಿಯ ಹತ್ತಿರ ಕಡಲೆಬೇಳೆಯಷ್ಟು ಒದ್ದೆ ಕಲೆ.

"ಕಾಲ್ ತೆಗಿಯಾಕೆ ನಾಚ್ಕೆ ಆಯ್ತು ಸಿಸ್ಟರ್. ಎಲ್ಲಾ ನೋಡ್ತಿದ್ರು. ತಡ್ಕಂಬುಟ್ಟೆ."

ಕಲೆ ಒಂದೂ ಬೀಳಬಾರದು ಎಂಬುದು ಷರತ್ತು. ನನ್ನ ಮನಸ್ಸಿನಲ್ಲಿ ಮೊದಲು ಬಂದದ್ದು ಒಳ್ಳೆಯ ಯೋಚನೆಯಲ್ಲ, ಅದನ್ನೂ ಹೇಳಿಬಿಡುತ್ತೇನೆ. "ಚಿಂದಿ ಡಬ್ಬಿಗೆ ಹಾಕಿಬಿಟ್ರೆ ಯಾರಿಗ್ ಗೊತ್ತಾಗುತ್ತೆ?" ಅಂದೆ.

"ನನ್ ಕೈಯಲ್ಲಿ ಅದಾಗಾಕಿಲ್ಲ. ಗೋಡೆಗ್ ಅಂಟ್ಸವ್ರಲ್ಲ, ಅದೂ ನಾನ್ ಒಲ್ದಿದ್ದು, ಇದೂ ನಾನ್ ಒಲ್ದಿದ್ದು."

ಇಬ್ಬರೂ ಹೋಗಿ ಸೂಪರ್‌ವೈಸರ್ ಕೈಗೆ ಕೊಟ್ಟೆವು. ಅವನು ಟ್ಯೂಬ್‌ಲೈಟಿಗೆ ಹಿಡಿದು ನೋಡಿದ. ಬೋರ್ಡಿನ ಹತ್ತಿರ ಹೋಗಿ "ಕಾಲರ್ ವಾಪಸ್" ಎಂಬ ಕಡೆ ಒಂದು ಎಂದು ಬರೆದ. ಅಷ್ಟರಲ್ಲಿ ಮ್ಯಾನೇಜರ್ ಬಂದರು. ಬೋರ್ಡ್ ನೋಡಿ, ಕಾಲರ್ ನೋಡಿ, ಅಕ್ಕನ ಮುಖ ನೋಡಿದರು.

"ಇದು ಯಾರು ಹಿಡಿದಿದ್ದು?"

"ಯಾರೂ ಹಿಡಿದಿಲ್ಲ ಸರ್, ಅವ್ರೇ ತಂದ್ಕೊಟ್ರು," ಅಂದ ಸೂಪರ್‌ವೈಸರ್. ಆಮೇಲೆ, ನಾನು ಅವನಿಂದ ನಿರೀಕ್ಷಿಸದೇ ಇದ್ದ ಮಾತು ಸೇರಿಸಿದ: "ಅಕ್ಕ ಹೆಲ್ಪರ್ ಟೇಬಲ್‌ನಲ್ಲಿದ್ದಾಗ ದಿನಕ್ಕೊಂದು ಬುಟ್ಟಿ ಕಾಲರ್ ವಾಪಸ್ ಬರ್ತಿತ್ತು ಸರ್. ಒಂದು ಮೂತಿ ಹೆಬ್ಬಾಳಕ್ಕೆ, ಇನ್ನೊಂದು ಯಲಹಂಕಕ್ಕೆ. ಇವತ್ತಿಗೆ ಆರ್ ದಿನ ಆಯ್ತು, ಇದೊಂದೇ."

ಮ್ಯಾನೇಜರ್ ಕಾಲರನ್ನು ಎರಡಾಗಿ ಮಡಚಿದರು. ಮೂತಿಯ ಮೇಲೆ ಮೂತಿ ಕೂತಿತು. "ಇನ್ನೂ ನಾಲ್ಕು ದಿನ ಇದೆ ಅಲ್ವಾ, ಮುಗಿಸಿ," ಎಂದು ಹೇಳಿ ಹೋದರು.

ಮಿಕ್ಕ ನಾಲ್ಕು ದಿನ ಅಕ್ಕ ಯಾರು ನೋಡಿದರೂ ಕಾಲು ತೆಗೆದರು. ಪಕ್ಕದ ಲೈನಿನವರು ಬಂದು ನಿಂತು ನೋಡಿದರೂ ಕಣ್ಣು ಮುಚ್ಚಿ, ಕತ್ತಿಗೆ ಹಳದಿ ಬಟ್ಟೆ ಸುತ್ತಿಕೊಂಡು, ಪೂರ್ತಿ ನಾಲ್ಕು ನಿಮಿಷ ಕೂತೇ ಇರುತ್ತಿದ್ದರು. ಎಂಟನೇ ದಿನ ತೋಳಿನ ಕಫ್ ಹೊಲಿಯುವ ಹೆಂಗಸು ನನ್ನ ಕೋಣೆಗೆ ಬಂದು ಬಾಗಿಲು ಮುಂದೆ ಮಾಡಿ, "ಸಿಸ್ಟರ್, ಅಕ್ಕನಿಗೆ ಆಗ್ತದಲ್ಲ, ನನಗೂ ಅದೇ," ಎಂದರು. ನಾನು ಸ್ಟೂಲ್ ಎಳೆದು ಕೊಟ್ಟು, ಮೊದಲು ಎಲ್ಲಿ ಬಿಸಿಯಾಗುತ್ತದೆ ಎಂದು ಕೇಳಿದೆ. ರಿಜಿಸ್ಟರಿನಲ್ಲಿ ಅಷ್ಟರೊಳಗೆ ಸ್ಕೇಲ್ ಹಿಡಿದು ಒಂದು ಹೊಸ ಕಾಲಮ್ ಎಳೆದಿದ್ದೆ.

ಹತ್ತು ದಿನ ಮುಗಿದ ಮರುದಿನ ಬೆಳಿಗ್ಗೆ ಅಕ್ಕನ ಮೆಷಿನ್ ಮೇಲೆ ಎರಡು ನೀಲಿ ಸ್ಕಾರ್ಫ್‌ಗಳು ಮಡಚಿ ಇಟ್ಟಿದ್ದವು. ಅಕ್ಕ ಒಂದನ್ನು ತೆಗೆದು ತಲೆಗೆ ಕಟ್ಟಿಕೊಂಡರು. ನಾನು ಫ್ಲೋರಿನ ನಡುವೆ ನಿಂತು ಕಣ್ಣೊರೆಸಿಕೊಂಡೆ, ಹುಡುಗಿಯರು ನೋಡಿದರೆ ನೋಡಲಿ ಎಂದು.

ಸ್ವಲ್ಪ ಹೊತ್ತಿಗೆ ಇಬ್ಬರೂ ನನ್ನ ಕೋಣೆಗೆ ಬಂದರು, ಸೂಪರ್‌ವೈಸರ್ ಮುಂದೆ, ಅಕ್ಕ ಹಿಂದೆ.

"ಸಿಸ್ಟರ್, ನೀವೇ ಹೇಳಿ. ಹಳದಿ ಸ್ಕಾರ್ಫ್ ಎರಡೂ ಸ್ಟೋರ್‌ಗೆ ವಾಪಸ್ ಕೊಡ್ಬೇಕು. ಒಂದ್ ಕೊಟ್ರು, ಇನ್ನೊಂದ್ ಕೊಡಲ್ಲ ಅಂತಾರೆ. ನಾನೇನ್ ಬರೀಲಿ ಸ್ಟೋರ್‌ನಲ್ಲಿ?"

ಅಕ್ಕನ ಕೈಯಲ್ಲಿ ಆ ಒದ್ದೆ ಬಟ್ಟೆ ಇತ್ತು. "ಕೊಡಾಕಿಲ್ಲ ಸಿಸ್ಟರ್. ಅವ್ರು ತಲೆಗ್ ಕಟ್ಸಿದಾಗ ಇದ್ರಷ್ಟು ಕೆಟ್ಟದ್ದು ಬೇರೆ ಇಲ್ಲ ಅಂತಿದ್ದೆ. ಕತ್ತಿಗ್ ಆಕ್ಕಳಾಕೆ ಇದ್ರಷ್ಟು ಒಳ್ಳೇದೂ ಇಲ್ಲ."

ನಾನು ರಿಜಿಸ್ಟರ್ ತೆಗೆದೆ. ಆಕೆಯ ಹೆಸರು, ಲೈನ್ ನಂಬರ್ ಬರೆದು, ಹೊಸ ಕಾಲಮ್ಮಿನಲ್ಲಿ ಆಕೆ ಹೇಳಿದ್ದನ್ನು ಬರೆದೆ. ಕೊಟ್ಟ ಮಾತ್ರೆ ಎಂಬ ಕಡೆ ಬರೆದೆ: "ಹಳದಿ ಹತ್ತಿ ಬಟ್ಟೆ, ಒಂದು." ಕೆಳಗೆ ಸಹಿ, ಸಮಯ.